ಬೇರೆಯವರ ಪುಸ್ತಕದಲ್ಲಿ ನನ್ನ ಹೆಸರು

ಕ್ರಿ.ಶ. 732ರ ಸುಮಾರಿಗೆ ದಕ್ಷಿಣ ಇಂಗ್ಲೆಂಡಿನ ಒಂದು ಮಠದಲ್ಲಿದ್ದ ಲಿಯೋಬಾ ಎಂಬ ಎಳೆಯ ಸನ್ಯಾಸಿನಿ ಜರ್ಮನಿಯಲ್ಲಿದ್ದ ತನ್ನ ತಾಯಿಯ ಕಡೆಯ ಬಂಧುವಿಗೆ ಒಂದು ಕಾಗದ ಬರೆದಳು. ಬಂಧುವಿನ ಹೆಸರು ಬೋನಿಫೇಸ್. ಇಂಗ್ಲೆಂಡಿನಿಂದ ಹೊರಟು ರೈನ್ ನದಿಯ ಆಚೆಗಿನ ಸೀಮೆಗಳಲ್ಲಿ ಕ್ರೈಸ್ತಧರ್ಮ ಸಾರುತ್ತಿದ್ದ ದೊಡ್ಡ ಹೆಸರಿನ ಬಿಷಪ್. ಕಾಗದದ ಸಾರ ಇಷ್ಟು: ನನ್ನ ತಂದೆ ನಿಮ್ಮ ಗೆಳೆಯರಾಗಿದ್ದರು, ಅವರು ತೀರಿಕೊಂಡು ಎಂಟು ವರ್ಷವಾಯಿತು, ಅವರ ಆತ್ಮಕ್ಕಾಗಿ ಪ್ರಾರ್ಥಿಸಿ. ತಾಯಿ ಇನ್ನೂ ಇದ್ದಾರೆ, ಕಾಯಿಲೆಯಲ್ಲಿ ನರಳುತ್ತಿದ್ದಾರೆ, ಅವರನ್ನೂ ಮರೆಯಬೇಡಿ. ನಾನು ಅವರಿಗೆ ಒಬ್ಬಳೇ ಮಗಳು, ನಿಮ್ಮನ್ನು ಅಣ್ಣನೆಂದುಕೊಳ್ಳಲು ಅಪ್ಪಣೆಯಾಗಬೇಕು. ಜೊತೆಗೊಂದು ಸಣ್ಣ ಉಡುಗೊರೆ. ಕೊನೆಯಲ್ಲಿ ಲ್ಯಾಟಿನ್ನಿನಲ್ಲಿ ತಾನೇ ಕಟ್ಟಿದ ಪುಟ್ಟ ಪದ್ಯ. ಪದ್ಯ ಕಟ್ಟುವುದನ್ನು ಈಗಷ್ಟೇ ಕಲಿಯುತ್ತಿದ್ದೇನೆ, ನನ್ನ ಒರಟು ಭಾಷೆಯನ್ನು ತಿದ್ದಿಕೊಡಿ ಎಂಬ ವಿನಂತಿ ಬೇರೆ.

ಬೋನಿಫೇಸನ ಪತ್ರಸಂಗ್ರಹ ಇಂದಿಗೂ ಉಳಿದಿದೆ. ಅದನ್ನು ಓದುವವರಿಗೆ ಲಿಯೋಬಾಳ ಬೇಡಿಕೆ ವಿಶೇಷವೆನಿಸುವುದಿಲ್ಲ. ಆ ಕಾಲದ ಇಂಗ್ಲಿಷ್ ಸನ್ಯಾಸಿಗಳೂ ಸನ್ಯಾಸಿನಿಯರೂ ಸಮುದ್ರದಾಚೆಗೆ ಕಳಿಸುತ್ತಿದ್ದ ಕಾಗದಗಳಲ್ಲಿ ಪುಸ್ತಕ, ಬಟ್ಟೆ, ಮಸಾಲೆಗಳ ಜೊತೆಜೊತೆಗೇ ಹೋಗಿಬರುತ್ತಿದ್ದ ಇನ್ನೊಂದು ಸರಕು ಹೆಸರುಗಳು. ನಮ್ಮಲ್ಲಿ ಇಂಥಿಂಥವರು ತೀರಿಕೊಂಡರು, ನಿಮ್ಮ ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳಿ. ನಿಮ್ಮಲ್ಲಿ ಯಾರು ಹೋದರು, ನಮಗೆ ಬರೆಯಿರಿ. ಲಿಯೋಬಾಳ ಮಟ್ಟಿಗೆ ಆ ಕಾಗದ ಬಹಳ ದೂರ ನಡೆಯಿತು. ಮುಂದೆ ಬೋನಿಫೇಸನೇ ಅವಳನ್ನು ಜರ್ಮನಿಗೆ ಕರೆಸಿಕೊಂಡು ಒಂದು ಕನ್ಯಾಮಠದ ಹೊಣೆ ಕೊಟ್ಟ. 754ರಲ್ಲಿ ಅವನು ಫ್ರೀಸಿಯಾದಲ್ಲಿ ಕೊಲೆಯಾದ. ಆ ಪ್ರಯಾಣಕ್ಕೆ ಹೊರಡುವ ಮುನ್ನ, ಅವಳು ಸತ್ತಾಗ ತನ್ನ ಗೋರಿಯಲ್ಲೇ ಅವಳನ್ನೂ ಇಡಬೇಕೆಂದು ಹೇಳಿಹೋಗಿದ್ದನೆಂದು ಅವಳ ಚರಿತ್ರೆ ಬರೆದ ಫುಲ್ಡಾ ಮಠದ ರುಡಾಲ್ಫ್ ತಿಳಿಸುತ್ತಾನೆ. ಸುಮಾರು ಕಾಲು ಶತಮಾನದ ನಂತರ ಅವಳು ತೀರಿಕೊಂಡಾಗ ಫುಲ್ಡಾದ ಸನ್ಯಾಸಿಗಳಿಗೆ ಆ ಗೋರಿ ತೆರೆಯುವ ಧೈರ್ಯ ಬರಲಿಲ್ಲ. ಅದೇ ಚರ್ಚಿನಲ್ಲಿ ಬೇರೊಂದು ಕಡೆ ಮಣ್ಣು ಮಾಡಿದರು.

ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಬೇಕೆಂಬುದು ಕ್ರೈಸ್ತರಿಗೆ ಮೊದಲಿನಿಂದಲೂ ಬಂದ ಮಾತು. ಪೌಲನ ಪತ್ರಗಳಲ್ಲಿ ಇದೆ, ಯಾಕೋಬನ ಪತ್ರದಲ್ಲಿ ಇದೆ. ಆದರೆ ‘ನಿಮಗಾಗಿ ಪ್ರಾರ್ಥಿಸುತ್ತೇನೆ’ ಎಂದು ಹೇಳುವುದು ಎಷ್ಟು ಸುಲಭವೋ ಅದನ್ನು ಮರೆಯುವುದೂ ಅಷ್ಟೇ ಸುಲಭ. ಒಂದು ವಾರ ನೆನಪಿರುತ್ತದೆ, ತಿಂಗಳಾದರೆ ಮಸುಕಾಗುತ್ತದೆ, ಹತ್ತು ವರ್ಷ ಕಳೆದ ಮೇಲೆ ಯಾರಿಗೆ ಮಾತು ಕೊಟ್ಟಿದ್ದೆವೆಂಬುದೇ ಹೋಗುತ್ತದೆ. ಮಾತು ಕೊಟ್ಟವನೇ ಸತ್ತರೆ ಆ ಮಾತು ಯಾರ ತಲೆಗೆ? ಎಂಟನೆಯ ಶತಮಾನದ ಪಶ್ಚಿಮ ಯುರೋಪಿನ ಮಠಗಳು ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ಸರಳವಾಗಿತ್ತು. ಬರೆದಿಡುವುದು.

ಇಂಗ್ಲೆಂಡಿನ ಚರಿತ್ರೆ ಬರೆದ ಬೀಡ್‌ನ ಹೆಸರನ್ನು ಓದುಗರು ಕೇಳಿರಬಹುದು. ಜ್ಯಾರೋ ಮಠದ ಈ ಪಂಡಿತ 721ರ ಸುಮಾರಿಗೆ ಲಿಂಡಿಸ್‌ಫಾರ್ನ್ ದ್ವೀಪದ ಸಂತ ಕತ್‌ಬರ್ಟನ ಜೀವನಚರಿತ್ರೆಯನ್ನು ಗದ್ಯದಲ್ಲಿ ಬರೆದುಕೊಟ್ಟ. ಮುನ್ನುಡಿಯಲ್ಲಿ ಅಲ್ಲಿನ ಬಿಷಪ್ ಈಡ್‌ಫ್ರಿತ್‌ನನ್ನು ಉದ್ದೇಶಿಸಿ ತನ್ನ ಸಂಭಾವನೆ ಏನೆಂದು ಹೇಳುತ್ತಾನೆ. ಬದುಕಿರುವಾಗ ನನಗಾಗಿ ಪ್ರಾರ್ಥಿಸಬೇಕು, ಸತ್ತ ಮೇಲೆ ನನ್ನ ಆತ್ಮಕ್ಕಾಗಿ ಪ್ರಾರ್ಥನೆಯನ್ನೂ ಬಲಿಪೂಜೆಯನ್ನೂ ಸಲ್ಲಿಸಬೇಕು, ನನ್ನ ಹೆಸರನ್ನು ನಿಮ್ಮವರ ಹೆಸರುಗಳ ನಡುವೆ ಬರೆದುಕೊಳ್ಳಬೇಕು. ಬಿಷಪ್ ಆಗಲೇ ಒಪ್ಪಿ, ಗುತ್‌ಫ್ರಿತ್ ಎಂಬ ಸನ್ಯಾಸಿಗೆ ಹೆಸರು ಬರೆದುಕೊಳ್ಳಲು ಹೇಳಿದ್ದನ್ನೂ ಬೀಡ್ ನೆನಪಿಸುತ್ತಾನೆ. ಮರೆತೀರಿ ಜೋಕೆ ಎಂಬ ಧ್ವನಿ ಅಲ್ಲಿದೆ. ಗ್ರಂಥಕ್ಕೆ ಬದಲಾಗಿ ಒಂದು ಸಾಲು, ಅದೂ ಹೆಸರಿನ ಸಾಲು. ಗೌರವಧನದ ಚರ್ಚೆ ನಡೆಸುವ ನಮ್ಮ ಲೇಖಕರಿಗೆ ಇದು ವಿಚಿತ್ರವಾಗಿ ಕಾಣಬಹುದು. ಬೀಡ್‌ಗೆ ಇದಕ್ಕಿಂತ ದೊಡ್ಡ ಸಂಭಾವನೆ ಇರಲಿಲ್ಲ.

ವ್ಯಕ್ತಿಗಳ ನಡುವಿನ ಈ ಕೊಡುಕೊಳ್ಳುವಿಕೆ ಸ್ವಲ್ಪ ಕಾಲದಲ್ಲೇ ಕರಾರಿನ ರೂಪ ಪಡೆಯಿತು. 762ರ ಸುಮಾರಿಗೆ ಉತ್ತರ ಫ್ರಾನ್ಸಿನ ಅತಿನ್ಯಿ ಎಂಬಲ್ಲಿ ಮೆಟ್ಸ್ ನಗರದ ಬಿಷಪ್ ಕ್ರೋಡೆಗಾಂಗನ ಮುಂದಾಳುತನದಲ್ಲಿ ಸೇರಿದ 44 ಮಂದಿ ಬಿಷಪ್ಪರೂ ಮಠಾಧಿಪತಿಗಳೂ ಒಂದು ಒಪ್ಪಂದ ಮಾಡಿಕೊಂಡರು. ತಮ್ಮಲ್ಲಿ ಯಾರೇ ಸತ್ತರೂ ಉಳಿದ ಪ್ರತಿಯೊಬ್ಬನೂ ತನ್ನ ಕಡೆಯವರಿಂದ ನೂರು ಸಲ ಕೀರ್ತನೆಗಳ ಗ್ರಂಥವನ್ನು ಆದ್ಯಂತ ಹಾಡಿಸಬೇಕು, ನೂರು ಬಲಿಪೂಜೆ ಮಾಡಿಸಬೇಕು. ಬಿಷಪ್ಪನಾದವನು ಸ್ವತಃ ಮೂವತ್ತು ಪೂಜೆ ಸಲ್ಲಿಸಬೇಕು. ಬೈಬಲಿನ ಕೀರ್ತನೆಗಳು 150. ಹಾಗಾದರೆ ಮೊದಲನೆಯವನು ಸತ್ತಾಗ ಉಳಿದ 43 ಮಂದಿಯ ಪಾಲಿಗೆ ಬಂದದ್ದು 4,300 ಪಾರಾಯಣ, ಅಂದರೆ ಆರು ಲಕ್ಷ ನಲವತ್ತೈದು ಸಾವಿರ ಕೀರ್ತನೆ. ಲೆಕ್ಕ ಹಾಕಿದರೆ ನಗು ಬರುತ್ತದೆ. ಪ್ರಾರ್ಥನೆಗೂ ಲೇವಾದೇವಿಯೇ ಎಂದು ಕೇಳುವುದೂ ಸಹಜ. ನನಗೆ ಮಾತ್ರ ಈ ಅಂಕಿಗಳಲ್ಲಿ ತಣ್ಣಗಿನ ಲೆಕ್ಕಾಚಾರಕ್ಕಿಂತ ಒಂದು ಬಗೆಯ ಪ್ರಾಮಾಣಿಕತೆ ಕಾಣುತ್ತದೆ. ಭಾವನೆಯನ್ನು ನಂಬಿ ಕೂತರೆ ಮುಖ ನೋಡಿರದವನಿಗಾಗಿ ಯಾರೂ ನಡುರಾತ್ರಿಯಲ್ಲಿ ಎದ್ದು ಹಾಡುವುದಿಲ್ಲ. ಸಂಖ್ಯೆ ಗೊತ್ತಿದ್ದರೆ, ಕೊಟ್ಟ ಮಾತು ತೀರಿತೋ ಇಲ್ಲವೋ ಎಂಬುದಾದರೂ ಗೊತ್ತಾಗುತ್ತದೆ.

ಈ ಬಗೆಯ ಒಪ್ಪಂದಗಳಿಂದ ಹುಟ್ಟಿದ ಪುಸ್ತಕಗಳಲ್ಲಿ ಅತಿ ದೊಡ್ಡದು ರೈಖೆನಾವ್‌ನದು. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳ ನಡುವೆ ಹರಡಿರುವ ಕಾನ್‌ಸ್ಟನ್ಸ್ ಸರೋವರದಲ್ಲಿ ಅದೊಂದು ಪುಟ್ಟ ದ್ವೀಪ. ಅಲ್ಲಿನ ಮಠ 724ರಲ್ಲಿ ಸ್ಥಾಪನೆಯಾದದ್ದು. ನೂರು ವರ್ಷದ ನಂತರ, 824ರ ಸುಮಾರಿಗೆ, ಅಲ್ಲಿನ ಸನ್ಯಾಸಿಗಳು ತಮ್ಮೊಡನೆ ಪ್ರಾರ್ಥನೆಯ ಒಪ್ಪಂದವಿದ್ದ ಮಠಗಳೆಲ್ಲದರ ಪಟ್ಟಿಗಳನ್ನು ಒಂದೇ ಪುಸ್ತಕಕ್ಕೆ ಇಳಿಸಲು ತೊಡಗಿದರು. ಹಾಳೆಯ ಮೇಲೆ ಕಮಾನುಗಳ ಸಾಲು, ಕಮಾನಿನ ಕೆಳಗೆ ಕಂಬಸಾಲಿನಲ್ಲಿ ಹೆಸರುಗಳು. ಇಂಥ ಮಠದ ಸೋದರರು, ಬದುಕಿರುವವರು. ಅದೇ ಮಠದವರು, ಸತ್ತವರು. ಇಂದಿನ ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿಗಳ ಐವತ್ತಕ್ಕೂ ಹೆಚ್ಚು ಸಮುದಾಯಗಳು ಅದರಲ್ಲಿವೆ. ಮುಂದಿನ ಶತಮಾನಗಳಲ್ಲಿ ಜನ ಹೆಸರು ಸೇರಿಸುತ್ತಲೇ ಹೋದರು. ಕಮಾನಿನೊಳಗೆ ಜಾಗ ಮುಗಿದಾಗ ಕಂಬಗಳ ನಡುವೆ, ಅಲ್ಲಿಯೂ ಮುಗಿದಾಗ ಅಂಚುಗಳಲ್ಲಿ. ಒಟ್ಟು 38,000ಕ್ಕೂ ಹೆಚ್ಚು ಹೆಸರುಗಳು.

ಇಂಥ ಪುಸ್ತಕಗಳನ್ನು ‘ಲಿಬರ್ ವೀಟೆ’ ಎಂದೂ ಕರೆಯುತ್ತಿದ್ದರು. ಬೈಬಲಿನ ಕೊನೆಯ ಗ್ರಂಥದಲ್ಲಿ ದೇವರ ಬಳಿ ಇರುವ ಹೆಸರುಗಳ ಪುಸ್ತಕವೊಂದರ ಮಾತು ಬರುತ್ತದೆ, ಅದರ ನೆನಪು ಇದು. ಹಳೆಯ ಕನ್ನಡ ಬೈಬಲಿನಲ್ಲಿ ಅದಕ್ಕೆ ‘ಜೀವಬಾಧ್ಯರ ಪಟ್ಟಿ’ ಎಂಬ ಪದವಿದೆ. ಹಕ್ಕುಬಾಧ್ಯತೆಯ ಬಾಧ್ಯ, ಕಂದಾಯ ಕಚೇರಿಯ ಕಡತದಿಂದ ಎದ್ದುಬಂದಂತಿರುವ ಮಾತು. ರೈಖೆನಾವ್‌ನ ಸನ್ಯಾಸಿಗಳಿಗೆ ಕನ್ನಡ ಬಂದಿದ್ದರೆ ಈ ಪದವನ್ನು ಬಹಳ ಮೆಚ್ಚುತ್ತಿದ್ದರು ಎನಿಸುತ್ತದೆ.

ಇಷ್ಟು ಹೆಸರುಗಳನ್ನು ದಿನವೂ ಓದಿ ಹೇಳುವುದು ಯಾರಿಂದಲೂ ಆಗದು. ಪುಸ್ತಕವನ್ನು ಬಲಿಪೀಠದ ಮೇಲೆ ಇಟ್ಟು, ಪೂಜೆಯ ನಡುವೆ ಇದರಲ್ಲಿ ಬರೆದಿರುವ ಎಲ್ಲರನ್ನೂ ಒಟ್ಟಾಗಿ ನೆನೆಯುತ್ತಿದ್ದರು. ಹೆಸರು ಪೂಜೆಯ ಹತ್ತಿರ ಇದ್ದರಾಯಿತು, ಓದುವವನು ದೇವರು. ಈ ನಂಬಿಕೆ ಎಷ್ಟು ಗಾಢವಾಗಿತ್ತೆಂಬುದಕ್ಕೆ ಅದೇ ದ್ವೀಪದ ನೀಡರ್‌ಟ್ಸೆಲ್ ಚರ್ಚಿನಲ್ಲಿ ಸಾಕ್ಷಿ ಇದೆ. 1970ರ ದಶಕದಲ್ಲಿ ಅಲ್ಲಿನ ಬಲಿಪೀಠವನ್ನು ಬಿಚ್ಚಿ ನೋಡಿದಾಗ ಹಳೆಯ ಕಲ್ಲಿನ ಹಾಸು ಸಿಕ್ಕಿತು. ಅದರ ಮೇಲೆ ಶಾಯಿಯಲ್ಲಿ ಬರೆದ, ಚೂಪಾದ ಮೊನೆಯಿಂದ ಗೀರಿದ ಮುನ್ನೂರಕ್ಕೂ ಹೆಚ್ಚು ಹೆಸರುಗಳು. ಪುಸ್ತಕದಲ್ಲಿ ಜಾಗ ಸಿಗದವರೋ, ಪುಸ್ತಕಕ್ಕಿಂತ ಕಲ್ಲನ್ನೇ ಹೆಚ್ಚು ನಂಬಿದವರೋ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಬಂದುಹೋದ ಯಾತ್ರಿಕರ ಹೆಸರುಗಳನ್ನು ಕಂಡವರಿಗೆ ಈ ಆಸೆ ಅಪರಿಚಿತವಲ್ಲ.

ಕಾಶಿ, ಗಯೆಗಳ ಪಂಡಾಗಳ ಬಳಿ ಇರುವ ವಹಿಗಳೂ ಇಲ್ಲಿ ನೆನಪಾಗುತ್ತವೆ. ನಮ್ಮ ಅಜ್ಜ ಮುತ್ತಜ್ಜಂದಿರು ಬಂದುಹೋದ ದಾಖಲೆ ಅಲ್ಲಿರುತ್ತದೆ, ಹೋದವರು ಹುಡುಕಿಸಿ ನೋಡಿ ಕಣ್ಣೊದ್ದೆ ಮಾಡಿಕೊಳ್ಳುತ್ತಾರೆ. ಆದರೆ ಒಂದು ವ್ಯತ್ಯಾಸವಿದೆ. ವಹಿಯಲ್ಲಿರುವ ಹೆಸರಿಗೆ ವಾರಸುದಾರರುಂಟು; ಮಗ ಬಂದು ಪಿಂಡ ಇಡುತ್ತಾನೆ. ರೈಖೆನಾವ್‌ನ ಪುಸ್ತಕದಲ್ಲಿ ಇರುವವರಿಗಾಗಿ ಪ್ರಾರ್ಥಿಸುತ್ತಿದ್ದವರು ಅವರ ರಕ್ತಸಂಬಂಧಿಗಳಲ್ಲ, ಬಹುಪಾಲು ಪರಿಚಿತರೂ ಅಲ್ಲ. ಮಕ್ಕಳಿಲ್ಲದ ಸನ್ಯಾಸಿಗಳು ಪರಸ್ಪರ ಮಕ್ಕಳಾಗಲು ಒಪ್ಪಿಕೊಂಡಿದ್ದರು ಎನ್ನಬಹುದೇನೋ.

ಪುಸ್ತಕದ ಒಂದು ಪುಟದಲ್ಲಿ ‘ಐಸ್‌ಲ್ಯಾಂಡ್ ದೇಶ’ ಎಂಬ ತಲೆಬರಹದ ಕೆಳಗೆ ಹದಿಮೂರು ಹೆಸರುಗಳಿವೆ. ಅಟ್ಲಾಂಟಿಕ್ ನಡುವಿನ ಆ ದ್ವೀಪದಿಂದ ಯಾತ್ರೆ ಹೊರಟು ಆಲ್ಪ್ಸ್ ಪರ್ವತದ ತಪ್ಪಲಿನವರೆಗೆ ಬಂದವರು, ಗಂಡಸರೂ ಹೆಂಗಸರೂ. ಅವರ ಬಗ್ಗೆ ಉಳಿದಿರುವುದು ಆ ಹೆಸರುಗಳಷ್ಟೇ. ಇನ್ನೊಂದು ಕಡೆ ಮೆಥೋಡಿಯಸ್ ಮತ್ತು ಅವನ ಸಂಗಡಿಗರ ಹೆಸರುಗಳಿವೆ. ಸ್ಲಾವ್ ಜನರಿಗೆ ಅವರದೇ ಭಾಷೆಯಲ್ಲಿ ಪೂಜೆಯನ್ನೂ ಬೈಬಲನ್ನೂ ಕೊಟ್ಟ ಸೋದರರಲ್ಲಿ ಒಬ್ಬನಾದ ಈತನನ್ನು ಬವೇರಿಯಾದ ಬಿಷಪ್ಪರು 870ರಲ್ಲಿ ಹಿಡಿದು ಸುಮಾರು ಮೂರು ವರ್ಷ ಸೆರೆಯಲ್ಲಿಟ್ಟರು. ಅವನ ಸೆರೆ ಎಲ್ಲಿತ್ತೆಂಬ ಚರ್ಚೆಯಲ್ಲಿ ವಿದ್ವಾಂಸರು ಈ ಹೆಸರುಗಳತ್ತ ಬೊಟ್ಟು ಮಾಡುತ್ತಾರೆ. ಒಂದು ಕಡೆ ಚರ್ಚಿನ ಅಧಿಕಾರಸ್ಥರು ಅವನನ್ನು ಕೂಡಿಹಾಕಿದ್ದರು, ಇನ್ನೊಂದು ಕಡೆ ಅದೇ ಚರ್ಚಿನ ಯಾರೋ ಸನ್ಯಾಸಿ ಅವನ ಹೆಸರನ್ನು ಪ್ರಾರ್ಥನೆಯ ಪುಸ್ತಕಕ್ಕೆ ಸೇರಿಸಿದ್ದ. ಅನುಮತಿ ಕೇಳಿದ್ದನೋ ಇಲ್ಲವೋ!

ಸಾವಿನ ಸುದ್ದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತಿದ್ದದ್ದು ಹೇಗೆ? ಕಾಲ್ನಡಿಗೆಯಲ್ಲಿ. ಮಠಾಧಿಪತಿಯೋ ಹಿರಿಯರೋ ಸತ್ತರೆ ಚರ್ಮದ ಹಾಳೆಯ ಮೇಲೆ ಅವರ ಗುಣಗಾನ ಬರೆದು, ಸುರುಳಿ ಸುತ್ತಿ, ಒಬ್ಬ ಆಳಿನ ಕೈಗೆ ಕೊಡುತ್ತಿದ್ದರು. ಅವನು ಮಠದಿಂದ ಮಠಕ್ಕೆ ನಡೆಯುತ್ತಾ ಹೋಗಬೇಕು. ಪ್ರತಿ ಮಠದವರೂ ಸುರುಳಿ ಓದಿ, ನಾವು ಪ್ರಾರ್ಥಿಸಿದ್ದೇವೆ ಎಂದು ತಮ್ಮ ಕೈಯಲ್ಲಿ ಬರೆದು, ಬದಲಿಗೆ ನಮ್ಮ ಇಂಥಿಂಥವರಿಗಾಗಿ ನೀವೂ ಪ್ರಾರ್ಥಿಸಿ ಎಂದು ಹೆಸರು ಸೇರಿಸುತ್ತಿದ್ದರು. ಜಾಗ ಸಾಲದಾದಾಗ ಇನ್ನೊಂದು ತುಂಡು ಹೊಲಿಯುವುದು. 1122ರಲ್ಲಿ ತೀರಿಕೊಂಡ ಸವಿನ್ಯಿ ಮಠದ ವಿಟಾಲಿಸನ ಸುರುಳಿ ಪ್ಯಾರಿಸ್ಸಿನ ರಾಷ್ಟ್ರೀಯ ದಫ್ತರದಲ್ಲಿ ಇದೆ. ಒಂಬತ್ತು ಮೀಟರಿಗೂ ಉದ್ದ. ಫ್ರಾನ್ಸ್ ಮತ್ತು ಇಂಗ್ಲೆಂಡಿನ ಇನ್ನೂರಕ್ಕೂ ಹೆಚ್ಚು ಮಠಗಳ, ಚರ್ಚುಗಳ ಬರಹ ಅದರಲ್ಲಿ. ಕೆಲವರು ಒಂದು ಸಾಲು ಗೀಚಿ ಕಳಿಸಿದರೆ ಕೆಲವರು ಪದ್ಯ ರಚಿಸಿದ್ದಾರೆ. ಈ ಸುರುಳಿಗಳಲ್ಲಿ ಪಾಂಡಿತ್ಯ ಮೆರೆಸುವ ಹುಮ್ಮಸ್ಸೂ ಇರುತ್ತಿತ್ತು. ಸುರುಳಿಯವನು ಬಾಗಿಲಿಗೆ ಬಂದನೆಂದರೆ ಊಟ, ಹಾಸಿಗೆ, ಒಂದಿಷ್ಟು ಕಾಸು ಕೊಡಲೇಬೇಕು. ಕವಿಯೂ ಆಗಿದ್ದ ಬೋರ್ಗ್ಯೋಯ್ ಮಠದ ಅಧಿಪತಿ ಬೋದ್ರಿ, ಸಾವಿನ ಸುದ್ದಿ ಹೊತ್ತು ಮತ್ತೆಮತ್ತೆ ಬರುವ ಈ ಮನುಷ್ಯನ ಮೇಲೆ ರೇಗಿ ಪದ್ಯವನ್ನೇ ಬರೆದಿದ್ದಾನೆ.

ಬೋದ್ರಿಯದು ತಮಾಷೆಯ ಸಿಟ್ಟು. ಕ್ಲೂನಿಯ ತೊಂದರೆ ನಿಜವಾದದ್ದು. ಬರ್ಗಂಡಿಯಲ್ಲಿ 910ರಲ್ಲಿ ಸ್ಥಾಪನೆಯಾದ ಈ ಮಠ ಸತ್ತವರಿಗಾಗಿ ಪ್ರಾರ್ಥಿಸುವುದರಲ್ಲಿ ಯುರೋಪಿನಲ್ಲೇ ಹೆಸರಾಗಿತ್ತು. ನವೆಂಬರ್ 2ರಂದು ಕ್ಯಾಥೋಲಿಕರು ಇಂದಿಗೂ ಆಚರಿಸುವ ಸಕಲ ಮೃತರ ಸ್ಮರಣೆ ಕ್ಲೂನಿಯ ಮಠಾಧಿಪತಿ ಒಡಿಲೋ ಗೊತ್ತುಮಾಡಿದ ದಿನ. ಸಂತಾನದಂತೆ ಹಬ್ಬಿದ ನೂರಾರು ಶಾಖಾಮಠಗಳಲ್ಲಿ ಸತ್ತ ಸನ್ಯಾಸಿಗಳ ಹೆಸರುಗಳು ವರ್ಷದ ಯಾವ ದಿನ ಸತ್ತರೋ ಆ ದಿನಕ್ಕೆ ಸೇರುತ್ತಿದ್ದವು. ಹೆಸರು ಓದುವುದಷ್ಟೇ ಅಲ್ಲ, ಆ ದಿನ ಸತ್ತವನ ಪಾಲಿನ ಊಟವನ್ನು ಬಡವನೊಬ್ಬನಿಗೆ ಕೊಡಬೇಕು. ಎಷ್ಟು ಒಳ್ಳೆಯ ನಿಯಮ! ಆದರೆ ಸತ್ತವರು ಕಡಿಮೆಯಾಗುವುದಿಲ್ಲ. ಇನ್ನೂರು ವರ್ಷಗಳಲ್ಲಿ ಪಟ್ಟಿ ಎಷ್ಟು ಬೆಳೆಯಿತೆಂದರೆ ಬದುಕಿರುವ ಸನ್ಯಾಸಿಗಳಿಗೆ ರೊಟ್ಟಿ ಸಾಲದಾಯಿತು. 1122ರಿಂದ 1156ರವರೆಗೆ ಮಠಾಧಿಪತಿಯಾಗಿದ್ದ ಪೂಜ್ಯ ಪೀಟರ್ ಕೊನೆಗೆ ದಿನಕ್ಕೆ ಐವತ್ತು ಪಾಲಿಗಿಂತ ಹೆಚ್ಚು ಕೊಡಕೂಡದೆಂದು ಮಿತಿ ಹಾಕಿದ. ಸತ್ತವರು ಬದುಕಿರುವವರನ್ನು ಹೊರಗಟ್ಟದಿರಲಿ ಎಂಬುದು ಅವನ ಕಾರಣ. ಎಂದೂ ಮರೆಯುವುದಿಲ್ಲ ಎಂದು ಮಾತು ಕೊಡುವಾಗ ‘ಎಂದೂ’ ಎಂಬುದರ ಉದ್ದ ಎಷ್ಟೆಂದು ಯಾರೂ ಯೋಚಿಸಿರುವುದಿಲ್ಲ.

ಇನ್ನೊಂದು ಕೆಡುಕೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಜಮೀನು ಕೊಟ್ಟವನ ಹೆಸರು ಪುಸ್ತಕಕ್ಕೆ ಸುಲಭವಾಗಿ ಸೇರುತ್ತಿತ್ತು. ವಿಂಚೆಸ್ಟರಿನ ನ್ಯೂ ಮಿನ್‌ಸ್ಟರ್ ಮಠದಲ್ಲಿ 1031ರಲ್ಲಿ ಬರೆದ ಇಂಥದೇ ಪುಸ್ತಕದ ಮೊದಲಲ್ಲಿ ದೊರೆ ಕ್ನೂಟ್ ಮತ್ತು ರಾಣಿ ಎಮ್ಮಾ ಬಲಿಪೀಠದ ಮೇಲೆ ಬಂಗಾರದ ದೊಡ್ಡ ಶಿಲುಬೆ ಇಡುತ್ತಿರುವ ಚಿತ್ರವಿದೆ. ಡರ್ಹಮ್‌ನ ಪುಸ್ತಕದಲ್ಲಿ ಹೆಸರುಗಳನ್ನು ಚಿನ್ನ ಬೆಳ್ಳಿಯ ಅಕ್ಷರಗಳಲ್ಲಿ ಬರೆದಿದ್ದಾರೆ, ದೊರೆಗಳದು ಒಂದು ಪಟ್ಟಿ, ಮಠಾಧಿಪತಿಗಳದು ಇನ್ನೊಂದು, ಹೀಗೆ ದರ್ಜೆಯ ಪ್ರಕಾರ. ಪರಸ್ಪರ ಪ್ರಾರ್ಥನೆ ಎಂಬುದು ಉಳ್ಳವರು ಕೊಳ್ಳುವ ಸೇವೆಯಾಗತೊಡಗಿದ ಮೇಲೆ ‘ಪರಸ್ಪರ’ ಎಂಬ ಮಾತು ಸವೆಯುತ್ತಾ ಬಂತು. ಲೂಥರನ ಕಾಲಕ್ಕೆ ಎದ್ದ ಸಿಟ್ಟಿಗೆ ಇದೂ ಒಂದು ಮೂಲ.

ಇಷ್ಟಾದರೂ ಆ ಪುಸ್ತಕಗಳು ಮಾಡಿದ ಒಂದು ಕೆಲಸವಿದೆ, ಅವರು ಉದ್ದೇಶಿಸಿರದ ಕೆಲಸ. 793ರಲ್ಲಿ ವೈಕಿಂಗರು ಲಿಂಡಿಸ್‌ಫಾರ್ನ್ ಮೇಲೆ ಬಿದ್ದರು. ಮಠಗಳು ಸುಟ್ಟವು, ದೋಚಿಹೋದವು, ಒಂದು ಮಠದ ದಾಖಲೆ ಅಲ್ಲಿಯೇ ಇದ್ದರೆ ಅದರೊಡನೆ ಹೋಯಿತು. ಕ್ಲೂನಿಯ ಸ್ವಂತ ಮೃತರ ಪಟ್ಟಿ ಇಂದು ಇಲ್ಲ. ಅಲ್ಲಿನ ಮಹಾ ಚರ್ಚನ್ನೇ ಫ್ರೆಂಚ್ ಕ್ರಾಂತಿಯ ನಂತರ ಕಲ್ಲಿಗಾಗಿ ಒಡೆದು ಮಾರಿದರು. ಆದರೂ ಅಲ್ಲಿನ ಸನ್ಯಾಸಿಗಳ ಹೆಸರು ನಮಗೆ ತಿಳಿದಿದೆ, ಏಕೆಂದರೆ ಬೇರೆ ಮಠಗಳವರು ಅವನ್ನು ಬರೆದುಕೊಂಡಿದ್ದರು. ಜರ್ಮನ್ ವಿದ್ವಾಂಸರು ಶಾಖಾಮಠಗಳಲ್ಲಿ ಉಳಿದ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು, ದಿನಕ್ಕೆ ದಿನ ಹೋಲಿಸಿ, ಕಳೆದುಹೋದ ಕ್ಲೂನಿಯ ಪಟ್ಟಿಯನ್ನು ಮತ್ತೆ ಕಟ್ಟಿ 1982ರಲ್ಲಿ ಪ್ರಕಟಿಸಿದರು. ಫ್ರೈಬುರ್ಗಿನ ಗೆರ್ಡ್ ಟೆಲೆನ್‌ಬಾಖ್, ಕಾರ್ಲ್ ಶ್ಮಿಡ್ ಮೊದಲಾದವರು ರೈಖೆನಾವ್‌ನ ಪುಸ್ತಕವನ್ನೂ ಹೀಗೆಯೇ ಓದಿದರು. ಅಲ್ಲಿ ಮನೆತನದ ಹೆಸರಿಲ್ಲ, ಊರಿಲ್ಲ, ಬರಿಯ ಒಂಟಿ ಹೆಸರು. ಆದರೆ ಒಂದು ಗುಂಪಿನವರು ಒಟ್ಟಿಗೆ ಬಂದು ಹೆಸರು ಬರೆಸಿದಾಗ ಅಪ್ಪ, ಅವ್ವ, ಮಕ್ಕಳು, ಅಳಿಯ, ಸತ್ತ ಅಜ್ಜ ಎಲ್ಲರೂ ಸಾಲಾಗಿ ಬರುತ್ತಾರೆ. ಅದೇ ಸಾಲು ಇನ್ನೊಂದು ಪುಸ್ತಕದಲ್ಲಿಯೂ ಸಿಕ್ಕರೆ ಒಂದು ಕುಟುಂಬ ಕತ್ತಲಿನಿಂದ ಎದ್ದುಬರುತ್ತದೆ. ರೈಖೆನಾವ್‌ನ ಆ ಹೊತ್ತಗೆ ರೈನೌ ಮಠದ ಕೈಸೇರಿ ಈಗ ಜ್ಯೂರಿಕ್ ನಗರದ ಗ್ರಂಥಾಲಯದಲ್ಲಿದೆ.

ಹದಿನಾರನೆಯ ಶತಮಾನದ ಸುಧಾರಣೆಯ ನಂತರ ಪ್ರಾಟೆಸ್ಟಂಟ್ ನಾಡುಗಳಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವುದು ನಿಂತಿತು. ಬದುಕಿರುವವರಿಗಾಗಿ ಮಾಡುವ ಕರಾರು ಮಾತ್ರ ಬೇರೆ ವೇಷದಲ್ಲಿ ಮರಳಿತು. 1727ರ ಆಗಸ್ಟಿನಲ್ಲಿ ಜರ್ಮನಿಯ ಹೆರ್ನ್‌ಹೂಟ್ ಎಂಬ ಹಳ್ಳಿಯಲ್ಲಿ, ಮೊರಾವಿಯಾದಿಂದ ಓಡಿಬಂದು ನೆಲೆಸಿದ್ದ ನಿರಾಶ್ರಿತರ ನಡುವೆ 24 ಗಂಡಸರೂ 24 ಹೆಂಗಸರೂ ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಚೀಟಿ ಎತ್ತಿ ಹಂಚಿಕೊಂಡರು. ಅದೇ ಊರಿನಲ್ಲಿ ಕೆಲವು ತಿಂಗಳ ಹಿಂದೆ ಒಬ್ಬರಿಗೊಬ್ಬರು ಮುಖ ಕೊಡದಷ್ಟು ಜಗಳವಿತ್ತು. ಈ ಪಾಳಿ ನೂರು ವರ್ಷ ನಡೆಯಿತೆಂದು ಆ ಸಭೆಯವರು ಹೇಳುತ್ತಾರೆ.

ಇಂಗ್ಲೆಂಡಿನ ನಾರ್ತ್‌ಹ್ಯಾಂಪ್ಟನ್ ಸೀಮೆಯ ಬ್ಯಾಪ್ಟಿಸ್ಟರು 1784ರಲ್ಲಿ ಮಾಡಿಕೊಂಡ ಗೊತ್ತುವಳಿ ಇನ್ನೂ ಸರಳ. ಓಲ್ನಿ ಊರಿನ ಜಾನ್ ಸಟ್‌ಕ್ಲಿಫ್ ಸೂಚಿಸಿದಂತೆ ಪ್ರತಿ ತಿಂಗಳ ಮೊದಲ ಸೋಮವಾರ ಸಂಜೆ ಒಂದು ಗಂಟೆ, ಆಯಾ ಊರಿನ ಸಭೆ ಆಯಾ ಊರಿನಲ್ಲೇ ಕೂತು, ಎಲ್ಲರಿಗಾಗಿ ಎಲ್ಲರೂ. ಅದೇ ಸೀಮೆಯ ಚಮ್ಮಾರ ಉಪದೇಶಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಹೊರಟಾಗ ಆಂಡ್ರೂ ಫುಲ್ಲರ್ ಮೊದಲಾದ ಗೆಳೆಯರು ಕೊಟ್ಟ ಮಾತು, ನೀನು ಗಣಿಗೆ ಇಳಿ, ಮೇಲೆ ಹಗ್ಗ ನಾವು ಹಿಡಿದಿರುತ್ತೇವೆ ಎಂಬ ಅರ್ಥದ್ದು. ಹಗ್ಗ ಬಹಳ ಉದ್ದವಿತ್ತು. ಕೇರಿ ಕಲ್ಕತ್ತೆಗೆ ಬಂದಿಳಿದು ವರ್ಷ ಮೀರಿದರೂ ಊರಿನಿಂದ ಒಂದು ಕಾಗದ ಬರಲಿಲ್ಲ. 1794ರಲ್ಲಿ ಅವನ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಸುದ್ದಿ ಹಡಗಿನಲ್ಲಿ ಇಂಗ್ಲೆಂಡಿಗೆ ಮುಟ್ಟುವವರೆಗೆ, ತಿಂಗಳ ಮೊದಲ ಸೋಮವಾರಗಳಲ್ಲಿ ಆ ಕುಟುಂಬದ ಕ್ಷೇಮಕ್ಕಾಗಿ ಬೇಡಿಕೊಂಡವರ ಮನಸ್ಸಿನಲ್ಲಿ ಹುಡುಗ ಬದುಕಿಯೇ ಇದ್ದ.

ಫುಲ್ಲರ್ 1815ರಲ್ಲಿ ಸಾಯುವವರೆಗೆ ಹಗ್ಗ ಬಿಡಲಿಲ್ಲ. 1812ರ ಮಾರ್ಚಿನಲ್ಲಿ ಶ್ರೀರಾಮಪುರದ ಕೇರಿಯ ಅಚ್ಚುಕೂಟ ಸುಟ್ಟುಹೋಗಿ ಕಾಗದ, ಮೊಳೆ, ಹಸ್ತಪ್ರತಿಗಳು ಬೂದಿಯಾದಾಗ, ಸುದ್ದಿ ತಲುಪಿದ ಎರಡೇ ತಿಂಗಳೊಳಗೆ ಬ್ರಿಟನ್ನಿನ ಸಭೆಗಳು ನಷ್ಟದಷ್ಟು ಹಣ ಕೂಡಿಸಿ ಕಳಿಸಿದವು. ಆ ಅಚ್ಚುಕೂಟ ಮತ್ತೆ ಎದ್ದು ಮುದ್ರಿಸಿದ ಪುಸ್ತಕಗಳಲ್ಲಿ ಒಂದು 1817ರ ಕನ್ನಡ ವ್ಯಾಕರಣ, ಕೇರಿ ಬಂಗಾಳದಲ್ಲಿ ಕೂತು ಬರೆದದ್ದು.